ಪುಸ್ತಕ ಗುರುವಿನ ವೈರಿಯಲ್ಲ

ತೈ ಚಿ ಕತ್ತಿವರಸೆಯನ್ನು ಗುರುವಿನಿಂದ ಮಾತ್ರ ಕಲಿಯಬೇಕು, ಪುಸ್ತಕದ ಕಲಿಕೆ ವ್ಯರ್ಥ, ಕೊಯಮತ್ತೂರಿನ ಕೋಲುವರಸೆಯಾದ ಸಿಲಂಬವೇ ಇದಕ್ಕೆ ಸಾಕ್ಷಿ ಎಂಬುದು ಈಚೆಗೆ ಅಚ್ಚಾದ ಲೇಖನವೊಂದರ ವಾದ. ಮಣಿಕಟ್ಟಿನ ತಪ್ಪನ್ನು ಪುಟ ತಿದ್ದಲಾರದು ಎಂಬುದು ನಿಜ. ಆದರೆ ಅಲ್ಲಿಂದ ‘ವ್ಯರ್ಥ’ ಎನ್ನುವಲ್ಲಿಗೆ ನೆಗೆಯುವುದು ತರ್ಕವಲ್ಲ. ಈ ಕತ್ತಿವರಸೆಯ ಬಗ್ಗೆ 1920ರ ದಶಕದಲ್ಲೇ ಪುಸ್ತಕ ಬರೆದ ಚೆನ್ ವೈಮಿಂಗ್, ತೈ ಚಿಯ ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು ಅವರ ಶಿಷ್ಯರು, ಸ್ವತಃ ಗುರುಗಳು. ಪರಂಪರೆಯ ಒಳಗಿನಿಂದಲೇ ಬಂದ ಗ್ರಂಥ ಪರಂಪರೆಗೆ ಹೊರಗಿನದು ಹೇಗಾದೀತು? 1957ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯ ವರಸೆಯನ್ನು 32 ಚಲನೆಗಳಿಗೆ ಅಡಕಗೊಳಿಸಿತು. ಹೆಸರು, ಎಣಿಕೆ, ಕ್ರಮ ಇರುವುದನ್ನು ಬರೆದಿಡಬಹುದು. ಮರೆತಾಗ ತೆರೆದು ನೋಡಬಹುದು.

ಸಿಲಂಬದ ಹೋಲಿಕೆಯೂ ನಿಲ್ಲದು. ಇಬ್ಬರು ಎದುರುಬದುರು ಕೋಲು ಬೀಸುವಾಗ ಅಂತರದ ಅಳತೆಯನ್ನು ಎದುರಾಳಿಯೇ ಕಲಿಸಬೇಕು. ಆ 32 ಚಲನೆಗಳೋ ಒಬ್ಬರೇ ನಿಧಾನವಾಗಿ ಮಾಡುವಂಥವು. ಬರವಣಿಗೆ ಅಖಾಡಕ್ಕೆ ಅನ್ಯವೆನ್ನುವವರು ನಮ್ಮ ನೆಲವನ್ನೇ ನೋಡಲಿ: 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಮಲ್ಲರ ಆಹಾರ, ವ್ಯಾಯಾಮಗಳನ್ನು ವಿವರಿಸಿದೆ. ಪುಸ್ತಕ ನೋಡಿ ಕಲಿತರೆ ಕೀಲುನೋವು ಬಂದೀತೆಂಬ ಆಕ್ಷೇಪಕ್ಕೆ ಬೆಲೆಯಿದೆ. ಅದಕ್ಕೆ ಮರದ ಕತ್ತಿ, ನಿಧಾನಗತಿ, ಸಿಕ್ಕಾಗಲೆಲ್ಲ ಬಲ್ಲವರ ಕಣ್ಣು ಬೇಕು. ಗುರು ಹತ್ತಿರವಿಲ್ಲದವನ ಕೈಯಿಂದ ಪುಸ್ತಕವನ್ನೂ ಕಿತ್ತುಕೊಂಡರೆ ಅವನು ಕಲಿಯುವುದಾದರೂ ಯಾವುದರಿಂದ?