ನಾಯಿ ಬೊಗಳಿಸುವ ಪಾಠ ಸಾಕು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಜಾವಾ ಕಲಿಸುವವಳು ನಾನು. ಪಾಲಿಮಾರ್ಫಿಸಂ ಎಂದರೇನು ಎಂದು ಕೇಳಿದರೆ ವಿದ್ಯಾರ್ಥಿಗಳು ‘ಪ್ರಾಣಿ’ ಎಂಬ ಕ್ಲಾಸ್ ಬರೆದು, ಅದರ ಕೆಳಗೆ ನಾಯಿ, ಬೆಕ್ಕು ಇಟ್ಟು, ಒಂದನ್ನು ಬೊಗಳಿಸಿ ಇನ್ನೊಂದನ್ನು ಮಿಯಾಂವ್ ಅನ್ನಿಸುತ್ತಾರೆ. ಅಂಕವೂ ಸಿಗುತ್ತದೆ. ಇದರಿಂದ ಯಾವ ಕಷ್ಟ ನೀಗುತ್ತದೆ ಎಂಬುದು ಮಾತ್ರ ಅವರಿಗೆ ತಿಳಿಯುವುದೇ ಇಲ್ಲ.

ಹಾಗಾಗಿ ನಾನು ಕರೆಂಟ್ ಬಿಲ್ಲಿನ ಪ್ರೋಗ್ರಾಂ ಬರೆಸುತ್ತೇನೆ. ಮೊದಲು ನಗದು, ಕಾರ್ಡ್ ಎಂದು ಇಫ್-ಎಲ್ಸ್ ಸಾಲು. ಆಮೇಲೆ ಯುಪಿಐ ಸೇರಿಸಿ ಎನ್ನುತ್ತೇನೆ. ರಸೀದಿ, ಮರುಪಾವತಿ, ದಿನದ ಲೆಕ್ಕ ಎಲ್ಲ ಕಡೆಯೂ ಆ ಸಾಲುಗಳನ್ನು ಹುಡುಕಿ ತಿದ್ದಬೇಕು. ಒಂದು ಕಡೆ ಮರೆತರೂ ಲೆಕ್ಕ ತಪ್ಪುತ್ತದೆ. ಆಗ ‘ಪಾವತಿ’ ಎಂಬ ಇಂಟರ್‌ಫೇಸ್ ಬರೆಯುತ್ತೇವೆ: ಹಣ ಪಡೆ, ಹಣ ಮರಳಿಸು, ರಸೀದಿಯ ವಿವರ ಕೊಡು. ಬಿಲ್ಲಿನ ಕೋಡ್ ಇವನ್ನಷ್ಟೇ ಕರೆಯುತ್ತದೆ. ಎದುರಿಗಿರುವುದು ಕಾರ್ಡೋ ಯುಪಿಐಯೋ, ಅದಕ್ಕೆ ಬೇಕಿಲ್ಲ. ಯಾವ ಮೆಥಡ್ ಓಡಬೇಕೆಂಬುದು ಪ್ರೋಗ್ರಾಂ ನಡೆಯುವಾಗ ಆಬ್ಜೆಕ್ಟ್ ನೋಡಿ ತೀರ್ಮಾನವಾಗುತ್ತದೆ. ಪಾಲಿಮಾರ್ಫಿಸಂನ ತಿರುಳು ಇದೇ. ಈ ಬಗೆಯ ತೀರ್ಮಾನ ನಾರ್ವೆಯಲ್ಲಿ ಹುಟ್ಟಿದ ಸಿಮ್ಯುಲಾ 67 ಭಾಷೆಯಲ್ಲೇ ಇತ್ತು. ಹೊಸ ಫ್ಯಾಷನ್ ಏನಲ್ಲ.

ಎಲ್ಲದಕ್ಕೂ ಇಂಟರ್‌ಫೇಸ್ ಬೇಕೆಂದು ನಾನು ಹೇಳುವುದಿಲ್ಲ. ಬದಲಾಗುವ ಸೂಚನೆಯೇ ಇಲ್ಲದ ಒಂಟಿ ಕ್ಲಾಸಿಗೆ ಅದನ್ನು ಅಂಟಿಸಿದರೆ ಓದುವವರಿಗೆ ಒಂದು ಫೈಲ್ ಹೆಚ್ಚು, ಅಷ್ಟೇ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಇದು: ವ್ಯಾಖ್ಯೆ ಕೇಳುವುದನ್ನು ಬಿಡಿ. ಓಡುತ್ತಿರುವ ಪ್ರೋಗ್ರಾಂ ಕೊಟ್ಟು, ಇನ್ನೊಂದು ಪಾವತಿ ವಿಧಾನ ಸೇರಿಸಲು ಹೇಳಿ. ಹಳೆಯ ಕೋಡಿನಲ್ಲಿ ಎಷ್ಟು ಸಾಲು ತಿದ್ದಿದರು ಎಂಬುದನ್ನು ನೋಡಿ ಅಂಕ ಕೊಡೋಣ.