ಕರೆ ಮಾಡುವ ಶಕ್ತಿ ಹಿರಿಯರಿಗೂ ಬೇಕು

ಕೊಪ್ಪಳ ಜಿಲ್ಲೆಗೆ ಗುಳೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ, ಕನಕಗಿರಿ ಸೀಮೆಯ ದುಡಿಯುವ ವಯಸ್ಸಿನವರು ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಹೊರಡುತ್ತಾರೆ. ಮನೆ ಕಾಯಲು, ದನಕರು ನೋಡಿಕೊಳ್ಳಲು, ಮೊಮ್ಮಕ್ಕಳನ್ನು ಶಾಲೆಗೆ ಕಳಿಸಲು ಹಿರಿಯರು ಉಳಿಯುತ್ತಾರೆ. ವೃದ್ಧಾಶ್ರಮದ ಬೋರ್ಡು ಇಲ್ಲದೆಯೂ ಎಷ್ಟೋ ಮನೆಗಳು ಹೀಗೆ ವೃದ್ಧಾಶ್ರಮಗಳಾಗುತ್ತವೆ.

ಗುಳೆಯ ಹಿಂದೆ ನೀರಿನ ಕೊರತೆಯೂ ಇದೆ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಲು ಇದೇ ಜಿಲ್ಲೆಯ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ. ನೀರು ಬಂದರೆ ಗುಳೆ ತಗ್ಗೀತು. ಆದರೆ ಇವತ್ತು ಒಂಟಿಯಾಗಿರುವವರು ಅಲ್ಲಿಯವರೆಗೆ ಕಾಯಲಾರರು. ಸದ್ಯ ಅವರನ್ನು ಮಕ್ಕಳೊಂದಿಗೆ ಬೆಸೆದಿರುವುದು ಮೊಬೈಲ್. ಅದು ಯಾರ ಕೈಯಲ್ಲಿದೆ ಎಂಬುದು ಸಾರ್ವಜನಿಕ ನೀತಿಯ ಪ್ರಶ್ನೆಯೂ ಹೌದು.

ಈ ಸಂಕಟ ನಮ್ಮದಷ್ಟೇ ಅಲ್ಲ. ಒಂಟಿತನ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ಆಸ್ಟ್ರೇಲಿಯಾದ ಆರೈಕೆ ಕೇಂದ್ರಗಳಲ್ಲಿರುವ ಚೀನಾ ಮೂಲದ ಹಿರಿಯರ ಕಷ್ಟವೂ ಇದೇ ಜಾತಿಯದು. ಸಿಬ್ಬಂದಿಯದು ಇಂಗ್ಲಿಷ್, ಇವರದು ಕ್ಯಾಂಟನೀಸ್ ಅಥವಾ ಮ್ಯಾಂಡರಿನ್. ವೀಚಾಟ್ ಆ್ಯಪ್‌ನ ವಿಡಿಯೊ ಕರೆಯಲ್ಲಿ ಮಗಳ ಮುಖ ಕಾಣಬಹುದು, ತಾಯ್ನುಡಿ ಕೇಳಬಹುದು; ಆದರೆ ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಫೋನ್ ಹಿಡಿದುಕೊಡಲು ಒಬ್ಬರು ಪಕ್ಕದಲ್ಲಿ ಬೇಕು. ಅಲ್ಲಿಯೂ ಇಲ್ಲಿಯೂ ಯಂತ್ರಕ್ಕಿಂತ ಮೊದಲು ಮನುಷ್ಯ ಬೇಕು.

ನಮ್ಮಲ್ಲಿ ತೊಡಕುಗಳು ಮೂರು. ಮೊದಲನೆಯದು ಅಕ್ಷರ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ನೂರಕ್ಕೆ ಸುಮಾರು 58 ಮಾತ್ರ. ಹಿರಿಯ ಹೆಣ್ಣುಮಕ್ಕಳಲ್ಲಿ ಇನ್ನೂ ಕಡಿಮೆ. ಓದಲು ಬಾರದ ಅಜ್ಜಿ ಮೊಮ್ಮಗನ ಬಿಡುವಿಗಾಗಿ ಕಾಯುತ್ತಾಳೆ. ಅವನ ಎದುರಿಗೆ ಹೇಳಲಾಗದ ನೋವು ಮಗಳಿಗೆ ತಲುಪುವುದೇ ಇಲ್ಲ. ಎರಡನೆಯದು ದುಡ್ಡು. ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1200 ರೂಪಾಯಿ. ಖಾಸಗಿ ಕಂಪನಿಗಳ ತಿಂಗಳ ರೀಚಾರ್ಜ್ 200 ರೂಪಾಯಿ ಆಸುಪಾಸು. ಅವಧಿ ಮುಗಿದು ರೀಚಾರ್ಜ್ ಆಗದಿದ್ದರೆ ಕೆಲವು ದಿನಗಳಲ್ಲಿ ಒಳಬರುವ ಕರೆಯೂ ನಿಲ್ಲುತ್ತದೆ. ಮೂರನೆಯದು ಭಯ. ಒಟಿಪಿ ವಂಚನೆಯ ಸುದ್ದಿ ಕೇಳಿದವರು ಗುರುತಿಲ್ಲದ ನಂಬರನ್ನು ಎತ್ತಲೂ ಅಂಜುತ್ತಾರೆ.

ಇದರ ಮೇಲೆ, ಸರ್ಕಾರದ ತಂತ್ರಜ್ಞಾನ ಹಿರಿಯರಿಗೆ ಹೆಚ್ಚಾಗಿ ಎದುರಾಗುವುದು ತಪಾಸಣೆಯ ರೂಪದಲ್ಲಿ. ಮಾಸಾಶನಕ್ಕಾಗಿ ಬದುಕಿದ್ದೇವೆಂದು ದೃಢಪಡಿಸುವಾಗ, ಹೊಲದಲ್ಲಿ ದುಡಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ ಮತ್ತೆ ಮತ್ತೆ ಅಲೆಯಬೇಕು. ಬದುಕಿದ್ದೀರಾ ಎಂದು ಕೇಳುವ ವ್ಯವಸ್ಥೆ, ಹೇಗಿದ್ದೀರಿ ಎಂದು ಕೇಳುವುದನ್ನೂ ಕಲಿಯಬೇಕು.

ದಾರಿ ದೂರದಲ್ಲಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಹಿರಿಯರಿಗೆ ಮೀಸಲಿಡಬೇಕು. ಮಕ್ಕಳ ಫೋಟೊ ಒತ್ತಿದರೆ ಕರೆ ಹೋಗುವಂತೆ ಮೊಬೈಲ್ ಹೊಂದಿಸಿಕೊಡುವುದು, ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಲು ಕಲಿಸುವುದು ಸಂಜೀವಿನಿ ಸ್ವಸಹಾಯ ಸಂಘದ ಮಹಿಳೆಯರಿಗೆ ಕಷ್ಟವಲ್ಲ. ಅವರಿಗೆ ಗೌರವಧನ ಕೊಡಬೇಕು. ಧ್ವನಿಗೆ ಅಕ್ಷರ ಬೇಡ, ನಮ್ಮ ಸೀಮೆಯ ಮಾತೇ ಸಾಕು. ಮಾಸಾಶನ ಪಡೆಯುವವರಿಗೆ ಕಡಿಮೆ ದರದ, ಮಾತಿಗೂ ಧ್ವನಿ ಸಂದೇಶಕ್ಕೂ ಸಾಕಾಗುವ ಯೋಜನೆ ಕೊಡಿಸಲು ರಾಜ್ಯ ಸರ್ಕಾರ ಬಿಎಸ್‌ಎನ್‌ಎಲ್ ಜೊತೆ ಮಾತುಕತೆ ನಡೆಸಬೇಕು. ಹಿರಿಯರ ಸಹಾಯವಾಣಿ 14567, ಸೈಬರ್ ವಂಚನೆಯ ದೂರಿಗೆ 1930: ಈ ಎರಡು ಸಂಖ್ಯೆಗಳು ಪ್ರತಿ ಗುಡಿಕಟ್ಟೆಯ ಗೋಡೆಯ ಮೇಲೆ ದೊಡ್ಡದಾಗಿ ಇರಬೇಕು.

ವಿಡಿಯೊ ಕರೆ ನೆರೆಮನೆಗೆ ಬದಲಿಯಲ್ಲ. ಜ್ವರ ಬಂದಾಗ ಗಂಜಿ ತರುವವರು ಪಕ್ಕದ ಮನೆಯವರೇ. ಹಾಗೆಂದು ಮಕ್ಕಳ ದನಿ ಕೇಳುವ ಆಸೆಯನ್ನು ಬೇರೆಯವರ ಬಿಡುವಿಗೆ ಬಿಡಲಾಗದು. ಮಕ್ಕಳು ಕರೆ ಮಾಡಲಿ ಎಂದು ಕಾಯುವ ಹಿರಿಯರು, ತಮಗೆ ಬೇಕೆನಿಸಿದಾಗ ತಾವೇ ಕರೆ ಮಾಡುವಂತಾಗಬೇಕು. ತಂತ್ರಜ್ಞಾನ ಗುಳೆಯ ಊರುಗಳಿಗೆ ನಿಜವಾಗಿ ತಲುಪಿದೆಯೇ ಎಂಬುದನ್ನು ಟವರ್‌ಗಳ ಲೆಕ್ಕದಿಂದ ಅಳೆಯುವುದು ಬೇಡ, ಇದರಿಂದ ಅಳೆಯೋಣ.