ಹಳೆಯ ಕಾರಿಗೆ ಸಣ್ಣ ಉಪಕರಣವೇ ಲೇಸು

ಹುಬ್ಬಳ್ಳಿಯಲ್ಲಿ ಅಪ್ಪ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ಈಗ ಪುಣೆಯಲ್ಲಿ ನನ್ನ ಬಳಿಯಿದೆ. ಕಳೆದ ವರ್ಷ ಅದು ಏರಿನಲ್ಲಿ ಮುಗ್ಗರಿಸತೊಡಗಿತು. ಗ್ಯಾರೇಜಿನ ಹುಡುಗ ಸ್ಕ್ಯಾನರ್ ಚುಚ್ಚಲು ಜಾಗ ಹುಡುಕಿದ. ಕಾರ್ಬ್ಯುರೇಟರಿನ ಈ 1089 ಸಿಸಿ ಎಂಜಿನ್ನಿಗೆ ಕಂಪ್ಯೂಟರೇ ಇಲ್ಲ. ಕೊನೆಗೆ ‘ಎಂಜಿನ್ ಬಿಚ್ಚಬೇಕು ಸಾರ್’ ಎಂದುಬಿಟ್ಟ.

ಬಿಚ್ಚಿಸಲಿಲ್ಲ. ಭಾನುವಾರ ಜುನಾ ಬಜಾರಿಗೆ ಹೋದೆ. ಬೀರುವಿನಷ್ಟು ದೊಡ್ಡ ಹಳೆಯ ಎಂಜಿನ್ ಅನಲೈಸರ್ ಆಸೆ ಹುಟ್ಟಿಸಿತು. ಆದರೆ ಅದೇ ಕೆಟ್ಟರೆ ರಿಪೇರಿ ಮಾಡುವವರು ಯಾರು? ಟೈಮಿಂಗ್ ಲೈಟ್, ಡ್ವೆಲ್ ಮೀಟರ್ ಎರಡನ್ನೇ ಕೊಂಡೆ. ಅದೂ ಓಡುವ ಎಂಜಿನ್ನಿಗೆ ಸಿಕ್ಕಿಸಿ ನೋಡಿದ ಮೇಲೆ. ನೀವೂ ಹಾಗೆಯೇ ಮಾಡಿ.

ಬಳಸಲು ಕಲಿಸಿದ್ದು ನಿವೃತ್ತ ಮೆಕ್ಯಾನಿಕ್ ಕಾಕಾ ಒಬ್ಬರು. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಮೊದಲ ಪ್ಲಗ್ಗಿನ ವೈರಿಗೆ ಲೈಟ್ ಹಾಕಿದರೆ ತಿರುಗುವ ಪುಲ್ಲಿಯ ಗುರುತು ನಿಂತಂತೆ ಕಾಣುತ್ತದೆ. ಅದು ನಡುಗಿದರೆ ಡಿಸ್ಟ್ರಿಬ್ಯೂಟರ್ ಸವೆದಿರಬಹುದು. ನಮ್ಮ ಕಾರಿನಲ್ಲಿ ಗ್ಯಾಪ್ ಕಿರಿದಾಗಿತ್ತು, ಅಷ್ಟೇ.

ಉಪಕರಣ ಗುಜರಿಯಲ್ಲಿ ಇನ್ನೂ ಸಿಗುತ್ತದೆ. ಕಲಿಸುವ ಕಾಕಾಗಳು ಕಡಿಮೆಯಾಗುತ್ತಿದ್ದಾರೆ. ಊರಿಗೆ ಹೋದಾಗ ಅಪ್ಪನ ಕಾಲದ ಮೆಕ್ಯಾನಿಕ್ ಜೊತೆ ಅರ್ಧ ದಿನ ಕಳೆಯಿರಿ. ಉಪಕರಣ ಕೊಳ್ಳುವ ಯೋಚನೆ ಆಮೇಲೆ.